ಬಿಸಿಲಿಗೆ ಸ್ವಿಚ್ಚಿಲ್ಲ

‘ನಿಮ್ಮ ಮನೆಯ ಸೋಲಾರ್ ನೀವೇ ಹಾಕಿಕೊಳ್ಳಿ’ ಎಂಬ ಮಾತು ಈಗ ಎರಡು ಬಗೆಯ ಜನರ ಬಾಯಲ್ಲಿ ಕೇಳಿಸುತ್ತಿದೆ. ಒಬ್ಬರು ದುಡ್ಡು ಉಳಿಸುವವರು, ಇನ್ನೊಬ್ಬರು ದೇಶ ಉಳಿಸುವವರು. ಮೊದಲನೆಯವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಲೆಕ್ಕ ತೋರಿಸಿದರೆ ಒಪ್ಪುತ್ತಾರೆ. ಎರಡನೆಯವರು ಹಾಗಲ್ಲ. ಅವರು ಓದಿಕೊಂಡವರು, ನಮ್ಮ ನಿಮ್ಮ ಹಾಗೆ ಕತೆ ಕವಿತೆಗಳ ಹುಚ್ಚಿರುವವರು. ಗಾಂಧಿಯ ಚರಕ, ಸ್ವಾವಲಂಬನೆ, ವಿಕೇಂದ್ರೀಕರಣ, ಕಾಯಕ ಎಂಬ ನಾಲ್ಕು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಆ ಸಾಲಿಗೆ ಸೋಲಾರ್ ಪ್ಯಾನೆಲ್ಲನ್ನೂ ಸೇರಿಸಿಬಿಡುತ್ತಾರೆ. ‘ನಮ್ಮ ಮನೆಯ ಬೆಳಕನ್ನು ನಾವೇ ನೇಯ್ದುಕೊಳ್ಳಬೇಕು’ ಎಂದು ಗೆಳೆಯರೊಬ್ಬರು ಒಂದು ಗೋಷ್ಠಿಯಲ್ಲಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಯಾಕೆ ಎಂದು ವಿವರಿಸುವುದಕ್ಕೇ ಈ ಬರಹ.

ದುಡ್ಡಿನವರ ಲೆಕ್ಕವನ್ನು ಮೊದಲು ಮುಗಿಸೋಣ. ನಮ್ಮ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸುವಾಗ ಬಂದ ಕೊಟೇಶನ್‌ನಲ್ಲಿ ಒಟ್ಟು ಮೊತ್ತ ಎರಡು ಲಕ್ಷದ ಹತ್ತಿರವಿತ್ತು. ಅದರಲ್ಲಿ ಜೋಡಣೆಯ ಕೂಲಿ ಎಂದು ತೋರಿಸಿದ್ದು 15,000 ರೂಪಾಯಿ. ಉಳಿದದ್ದೆಲ್ಲ ಪ್ಯಾನೆಲ್ಲು, ಇನ್ವರ್ಟರು, ಕಬ್ಬಿಣ, ವೈರು, ಮೀಟರು. ಅಂದರೆ ನಾನೇ ತಾರಸಿ ಹತ್ತಿ ಬೋಲ್ಟು ಬಿಗಿದಿದ್ದರೆ ಉಳಿಯುತ್ತಿದ್ದದ್ದು ಹದಿನೈದು ಸಾವಿರ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ಸಿಗುವ ಸಹಾಯಧನ 78,000 ರೂಪಾಯಿ. ಅದು ನೋಂದಾಯಿತ ಮಾರಾಟಗಾರರ ಮೂಲಕ ಹಾಕಿಸಿದವರಿಗೆ ಮಾತ್ರ. ಹದಿನೈದು ಉಳಿಸಲು ಎಪ್ಪತ್ತೆಂಟು ಕಳೆದುಕೊಳ್ಳುವುದು ಯಾವ ಶೆಟ್ಟರ ಅಂಗಡಿಯ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಇಲ್ಲಿಗೆ ಆ ವಾದ ಮುಗಿಯಿತು.

ದೇಶ ಉಳಿಸುವವರ ಜೊತೆ ಮಾತಾಡಬೇಕಾದರೆ ತಾರಸಿಯ ಮೇಲೆ ಇರುವುದೇನು ಎಂಬುದರಿಂದಲೇ ಹೊರಡಬೇಕು. ಪ್ಯಾನೆಲ್ ನೋಡಲು ಬಹಳ ಸಾಧು ವಸ್ತು. ಸದ್ದಿಲ್ಲ, ಹೊಗೆಯಿಲ್ಲ, ತಿರುಗುವ ಚಕ್ರವಿಲ್ಲ. ಕಿಟಕಿಯ ಗಾಜಿನ ಹಾಗೆ ಸುಮ್ಮನೆ ಮಲಗಿರುತ್ತದೆ. ಆದರೆ 540 ವ್ಯಾಟಿನ ಒಂದು ಪ್ಯಾನೆಲ್ ಬಿಸಿಲಿನಲ್ಲಿ ತನ್ನ ತೆರೆದ ತುದಿಗಳ ನಡುವೆ ಸುಮಾರು 49 ವೋಲ್ಟ್ ಹಿಡಿದಿರುತ್ತದೆ. ಆರು ಪ್ಯಾನೆಲ್ಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಮುನ್ನೂರು ವೋಲ್ಟಿನ ಹತ್ತಿರ ಬರುತ್ತದೆ. ಅದೂ ಡಿಸಿ, ಅಂದರೆ ನೇರ ಪ್ರವಾಹ. ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಹತ್ತುತ್ತದೆ. ಹಾಗಾಗಿ ಸಡಿಲವಾದ ವೈರಿನಲ್ಲಿ ಕಿಡಿ ಹೊತ್ತಿಕೊಂಡರೂ ಆ ಇಳಿತದಲ್ಲಿ ಆರಿಹೋಗಲು ಒಂದು ಅವಕಾಶವಿರುತ್ತದೆ. ಡಿಸಿಗೆ ಆ ಇಳಿತವೇ ಇಲ್ಲ. ಸರಿಯಾಗಿ ಕೂಡದ ಒಂದು ಕನೆಕ್ಟರಿನ ಸಂದಿಯಲ್ಲಿ ಹೊತ್ತಿಕೊಂಡ ಕಿಡಿ ಬೆಸುಗೆಯ ಕಿಡಿಯಂತೆ ಉರಿಯುತ್ತಲೇ ಇರಬಹುದು. ಮನೆಯೊಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ಓಡಿಹೋಗಿ ಮೇನ್ ಸ್ವಿಚ್ ತೆಗೆಯುತ್ತೇವೆ. ತಾರಸಿಯ ಮೇಲೆ ಏನನ್ನು ತೆಗೆಯುತ್ತೀರಿ? ಐಸೊಲೇಟರ್ ತಿರುಗಿಸಿದರೆ ಕೆಳಗಿನ ವೈರು ಸತ್ತೀತು, ಪ್ಯಾನೆಲ್ ಸಾಯುವುದಿಲ್ಲ. ಬೆಳಕಿರುವಷ್ಟು ಹೊತ್ತು ಅದು ಜೀವಂತ. ಬಿಸಿಲಿಗೆ ಸ್ವಿಚ್ಚಿಲ್ಲ.

ಇನ್ನು ಗಾಳಿ. ನಮ್ಮ ದೇಶದ ಕಟ್ಟಡಗಳ ಮಾನದಂಡ ಐಎಸ್ 875, ಗಾಳಿಯ ಲೆಕ್ಕ ಹಾಕುವಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗವನ್ನು ಆಧಾರವಾಗಿ ಹಿಡಿಯಿರಿ ಎನ್ನುತ್ತದೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಅದು 650ರಷ್ಟು, ಮಂಗಳೂರಿನಲ್ಲಿ 910ರಷ್ಟು. ಎರಡೂವರೆ ಚದರ ಮೀಟರಿನ ಒಂದು ಪ್ಯಾನೆಲ್ಲಿಗೆ ಇಳಿಸಿದರೆ ಬೆಂಗಳೂರಿನಲ್ಲಿ 165 ಕಿಲೋ, ಮಂಗಳೂರಿನಲ್ಲಿ 230 ಕಿಲೋ ತೂಕ ಎಳೆದ ಹಾಗೆ. ಎತ್ತರ, ಓರೆ, ಅಕ್ಕಪಕ್ಕದ ಕಟ್ಟಡ ಇವುಗಳಿಗೆ ಕೂಡಿ ಕಳೆಯುವುದು ಬೇರೆ ಇದೆ. ಇಪ್ಪತ್ತೇಳು ಕಿಲೋ ತೂಗುವ ಪ್ಯಾನೆಲ್ಲನ್ನು ಅದರ ಭಾರವೇ ಹಿಡಿದುಕೊಳ್ಳುತ್ತದೆ ಎಂದು ನಂಬಿ ನಾಲ್ಕು ಇಟ್ಟಿಗೆ ಹೇರಿಟ್ಟವರ ಪ್ಯಾನೆಲ್ಲು ಏಪ್ರಿಲ್ಲಿನ ಒಂದು ಗಾಳಿಮಳೆಗೆ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಬೀಳಬಹುದು. ಆ ಅಂಗಳದಲ್ಲಿ ಮಗು ಆಡುತ್ತಿರಬಹುದು.

ಚರಕದ ಹೋಲಿಕೆ ತಪ್ಪುವುದು ಇಲ್ಲಿಯೇ. ಚರಕದಲ್ಲಿ ಕೈ ತಪ್ಪಿದರೆ ನೂಲು ಹರಿಯುತ್ತದೆ. ಮತ್ತೆ ಹೊಸೆದು ಮುಂದೆ ಹೋಗಬಹುದು, ನಷ್ಟವೆಲ್ಲ ನೂಲುವವರದ್ದೇ. ಸೋಲಾರಿನಲ್ಲಿ ತಪ್ಪಿದರೆ ನಷ್ಟ ನೆರೆಯವರಿಗೆ, ಮನೆಯ ಹಿರಿಯರಿಗೆ, ಕಂಬದ ಮೇಲಿರುವವನಿಗೆ. ಇನ್ನೊಂದು ಮಾತು: ಖಾದಿಯ ಕಾಲದಲ್ಲೂ ಎಲ್ಲರೂ ನೂಲಬೇಕು ಎಂದರೇ ಹೊರತು ಎಲ್ಲರೂ ನೇಯಬೇಕು ಎನ್ನಲಿಲ್ಲ. ಮನೆಮನೆಯಲ್ಲಿ ನೂತ ನೂಲು ಕೊನೆಗೆ ಹೋಗಿ ಸೇರಬೇಕಾದದ್ದು ನೇಕಾರನ ಮಗ್ಗಕ್ಕೇ. ನೂಲುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ನೇಯುವುದು ಬದುಕನ್ನೇ ಕೊಟ್ಟು ಕಲಿಯುವ ಕಸುಬು. ‘ಬೆಳಕನ್ನು ನಾವೇ ನೇಯ್ದುಕೊಳ್ಳಬೇಕು’ ಎಂದ ಗೆಳೆಯರು ಈ ಎರಡನ್ನೂ ಒಂದೇ ಎಂದುಕೊಂಡರು. ಚಪ್ಪಾಳೆ ತಟ್ಟಿದವರೂ ಹಾಗೇ ಅಂದುಕೊಂಡರು.

ಕಂಬದ ಮೇಲಿರುವವನ ಮಾತು ಬಂತು. ಸೋಲಾರ್ ಹಾಕಿಸಿದ ಬಹುತೇಕರ ಮೊದಲ ದೂರು ಒಂದೇ: ‘ಊರಿನ ಕರೆಂಟು ಹೋದರೆ ನಮ್ಮ ಸೋಲಾರೂ ಹೋಗುತ್ತದಲ್ಲ, ಇದೆಂಥ ಸ್ವಾವಲಂಬನೆ?’ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನು ಸತ್ತ ಕೂಡಲೇ ತಾನೂ ನಿಲ್ಲಬೇಕು. ಅದನ್ನು ಹಾಗೆಯೇ ಮಾಡಿರುತ್ತಾರೆ. ಮಳೆಗಾಲದ ಸಂಜೆ ಮರ ಬಿದ್ದು ತಂತಿ ಹರಿದಿದೆ, ಲೈನ್‌ಮನ್ ಸ್ವಿಚ್ ತೆಗೆಸಿ ಕಂಬ ಹತ್ತಿದ್ದಾನೆ ಎಂದುಕೊಳ್ಳಿ. ಆಗ ನಿಮ್ಮ ತಾರಸಿಯಿಂದ ಕರೆಂಟು ಹಿಂದಕ್ಕೆ ಹರಿದರೆ ಆ 230 ವೋಲ್ಟು ಟ್ರಾನ್ಸ್‌ಫಾರ್ಮರಿನ ಈ ಕಡೆ ಹೊಕ್ಕು ಆ ಕಡೆ 11,000 ವೋಲ್ಟಾಗಿ ಹೊರಬರುತ್ತದೆ. ಆತ ಸತ್ತ ತಂತಿ ಎಂದುಕೊಂಡು ಹಿಡಿದದ್ದು ಸತ್ತಿರುವುದಿಲ್ಲ. ಎಲ್ಲಿಂದಲೋ ತರಿಸಿದ ಅಗ್ಗದ ಇನ್ವರ್ಟರನ್ನು ಪ್ಲಗ್ಗಿಗೆ ಚುಚ್ಚಿ ‘ನಾನು ಸ್ವತಂತ್ರನಾದೆ’ ಎನ್ನುವವರು ಈ ಮನುಷ್ಯನ ಮುಖವನ್ನು ಒಮ್ಮೆ ನೆನೆಯಬೇಕು. 1956ರ ವಿದ್ಯುತ್ ನಿಯಮಗಳೇ ಇಲ್ಲೊಂದು ಗೆರೆ ಎಳೆದಿದ್ದವು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದು ನಿಮ್ಮ ಕೈಲಿದೆ; ಅದರಾಚೆಗಿನ ಜೋಡಣೆ ಪರವಾನಗಿ ಪಡೆದ ಗುತ್ತಿಗೆದಾರನ ಕೆಲಸ. ಮುಂದೆ ಬಂದ ನಿಯಮಗಳೂ ಆ ಗೆರೆಯನ್ನು ಉಳಿಸಿಕೊಂಡಿವೆ. ಇದನ್ನು ಕೆಲವರು ಲೈಸೆನ್ಸ್ ರಾಜ್ಯದ ಪಳೆಯುಳಿಕೆ ಎನ್ನುತ್ತಾರೆ. ನನಗೆ ಇದು ಕಂಬದ ಮೇಲಿರುವವನ ಜೀವಕ್ಕೆ ಕಟ್ಟಿದ ಬೇಲಿಯಾಗಿ ಕಾಣುತ್ತದೆ.

ಜರ್ಮನಿಯನ್ನು ನೋಡಿ ಎನ್ನುವವರಿದ್ದಾರೆ. ನೋಡೋಣ. ಅಲ್ಲಿ ಬಾಲ್ಕನಿಯ ಕಂಬಿಗೆ ಎರಡು ಪ್ಯಾನೆಲ್ ನೇತುಹಾಕಿ ಸಾಮಾನ್ಯರೇ ಪ್ಲಗ್ಗಿಗೆ ಸಿಕ್ಕಿಸುವುದು ನಿಜ. 2024ರಲ್ಲಿ ಕಾನೂನನ್ನು ಇನ್ನಷ್ಟು ಸಡಿಲಿಸಿ, ಇನ್ವರ್ಟರಿನ ಮಿತಿಯನ್ನು 800 ವ್ಯಾಟಿಗೆ ಏರಿಸಿದರು. ಈ 800 ಎಂಬ ಸಂಖ್ಯೆಯನ್ನು ಗಮನಿಸಬೇಕು. ನೀವೇ ಮಾಡಿಕೊಳ್ಳಿ ಎಂದು ಅವರು ಬಿಟ್ಟುಕೊಟ್ಟದ್ದು ಅಷ್ಟನ್ನೇ. ಛಾವಣಿಯ ತುಂಬ ಹಾಸುವ ಸೋಲಾರನ್ನು ಲೈನಿಗೆ ಜೋಡಿಸಲು ಅಲ್ಲಿಯೂ ನೋಂದಾಯಿತ ಎಲೆಕ್ಟ್ರಿಷಿಯನ್ನೇ ಬರಬೇಕು. ಆ 800 ವ್ಯಾಟಿನ ಬೆನ್ನಿಗೂ ಒಳ್ಳೆಯ ಅರ್ಥಿಂಗ್ ಇದೆ, ಸೋರಿಕೆಯಾದರೆ ಕತ್ತರಿಸುವ ಬ್ರೇಕರ್ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ವೈರೇ ಇರುವುದಿಲ್ಲ. ಮನೆ ಕಟ್ಟುವಾಗ ಉಪ್ಪು ಇದ್ದಿಲು ತುಂಬಿ ಹೂತ ಅರ್ಥಿಂಗ್ ಗುಂಡಿಗೆ ಆಮೇಲೆ ಒಂದು ಕೊಡ ನೀರು ಹೊಯ್ದವರು ಎಷ್ಟು ಜನ? ಜರ್ಮನಿಯ ಸ್ವಾತಂತ್ರ್ಯ ಬೇಕೆನ್ನುವವರು ಮೊದಲು ತಮ್ಮ ಮನೆಯ ಮೂರನೆಯ ತೂತನ್ನು ಪರೀಕ್ಷಿಸಲಿ.

ಹಾಗಾದರೆ ನೀನು ಸರ್ಟಿಫಿಕೇಟಿನ ಪೂಜಾರಿ ಎಂದು ಒಬ್ಬ ವಿದ್ಯಾರ್ಥಿ ನನ್ನ ಮೇಲೆ ಹರಿಹಾಯ್ದ. ಒಳ್ಳೆಯ ಪ್ರಶ್ನೆ. ಬಂಕರ್ ರಾಯ್ ಅವರು 1972ರಲ್ಲಿ ರಾಜಸ್ಥಾನದ ತಿಲೋನಿಯಾದಲ್ಲಿ ಶುರು ಮಾಡಿದ ಬೇರ್‌ಫುಟ್ ಕಾಲೇಜನ್ನು ಅವನು ಉದಾಹರಣೆಯಾಗಿ ಕೊಟ್ಟ. ಅಲ್ಲಿ ಆಫ್ರಿಕಾದ, ಭಾರತದ ಹಳ್ಳಿಗಳಿಂದ ಬಂದ, ಓದು ಬರಹ ಬಾರದ ಅಜ್ಜಿಯರು ಸೋಲಾರ್ ಎಂಜಿನಿಯರುಗಳಾಗಿ ಊರಿಗೆ ಮರಳಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಕಡೆ ಬಣ್ಣ ನೋಡಿ, ಕೈಸನ್ನೆ ನೋಡಿ ಸರ್ಕಿಟ್ಟು ಕಟ್ಟುವುದನ್ನು ಕಲಿತಿದ್ದಾರೆ. ಈ ಉದಾಹರಣೆ ನನ್ನ ವಾದವನ್ನು ಮುರಿಯುತ್ತದೆಂದು ಅವನು ಎಣಿಸಿದ್ದ. ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ಅಜ್ಜಿಯರು ಮನೆ ಮಕ್ಕಳನ್ನು ಬಿಟ್ಟು ಬಂದು ಆರು ತಿಂಗಳು ಕೂತು ಕಲಿತರು. ಕಲಿತ ಮೇಲೆ ಊರಿನ ಎಲ್ಲರ ಮನೆಯ ದೀಪ ನೋಡಿಕೊಳ್ಳುವವರಾದರು. ಅಂದರೆ ಕಸುಬಿನವರಾದರು. ಅವರಿಗೆ ಪದವಿ ಇಲ್ಲ, ಪಳಗಿದ ಕೈ ಇದೆ. ನಮಗೆ ಪದವಿ ಇದೆ, ಕೈಯಲ್ಲಿ ಆರು ನಿಮಿಷದ ವಿಡಿಯೊ ಇದೆ. ಅಜ್ಜಿಯನ್ನು ತೋರಿಸಿ ನಮ್ಮ ವಿಡಿಯೊವನ್ನು ಸಮರ್ಥಿಸಿಕೊಳ್ಳುವುದು ಆ ಅಜ್ಜಿಗೆ ಮಾಡುವ ಅವಮಾನ.

ನಮ್ಮ ರಾಜ್ಯದಲ್ಲೇ ಇದಕ್ಕೆ ಸಾಕ್ಷಿಯಿದೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಕರೆಂಟಿಲ್ಲದ ಮನೆಗಳಿಗೆ ಸೋಲಾರ್ ದೀಪ ತಲುಪಿಸಿದ್ದು ಪೆಟ್ಟಿಗೆಯಲ್ಲಿ ಸಾಮಾನು ಮಾರಿ ಕೈ ತೊಳೆದುಕೊಂಡಲ್ಲ. ಹಾಕಿಕೊಡುವ, ಕೆಟ್ಟರೆ ಬಂದು ನೋಡುವ ಹುಡುಗರನ್ನು ಊರಿನ ಹತ್ತಿರದಲ್ಲೇ ಇಟ್ಟದ್ದರಿಂದ. ಬಡವರ ಮನೆಯ ದೀಪ ಉಳಿಯಬೇಕಾದರೆ ಹತ್ತಿರದಲ್ಲೊಬ್ಬ ಬಲ್ಲವನು ಬೇಕು ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು.

ಇಲ್ಲಿಯವರೆಗೆ ಓದಿ ಸೋಲಾರ್ ಕಂಪನಿಗಳವರು ತಲೆದೂಗುತ್ತಿದ್ದರೆ ಸ್ವಲ್ಪ ತಡೆಯಲಿ. ‘ವೃತ್ತಿಪರರಿಗೆ ಬಿಡಿ’ ಎಂಬ ಅವರ ಜಾಹೀರಾತಿನ ಮಾತೂ ಅಷ್ಟೇ ಟೊಳ್ಳು. ಯಾರು ಆ ವೃತ್ತಿಪರ? ದಾವಣಗೆರೆಯ ನಮ್ಮ ಮನೆಗೆ ಮೊದಲು ಬಂದದ್ದು ಇಸ್ತ್ರಿ ಅಂಗಿಯ ಒಬ್ಬ ಪ್ರತಿನಿಧಿ. ಟ್ಯಾಬ್ಲೆಟ್ಟಿನಲ್ಲಿ ತಾರಸಿಯ ಬಣ್ಣಬಣ್ಣದ ನಕ್ಷೆ ತೋರಿಸಿ, ಸಹಿ ಹಾಕಿಸಿಕೊಂಡು ಹೋದ. ಆಮೇಲೆ ಅವನು ಬರಲಿಲ್ಲ. ಬಂದವರು ಸಿಂಧನೂರು ಕಡೆಯ ಮೂವರು ಹುಡುಗರು. ಕಂಪನಿ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ, ಆತ ಇನ್ನೊಬ್ಬನಿಗೆ, ಅವನು ಈ ಮೂವರಿಗೆ ಕೊಟ್ಟಿದ್ದ. ದೊಡ್ಡವನಿಗೆ ಇಪ್ಪತ್ತಾರು ವರ್ಷ ಇದ್ದೀತು. ನಕ್ಷೆ ಹಿಡಿದು ತಾರಸಿಯ ಮೇಲೆ ಎರಡು ಸುತ್ತು ಹಾಕಿ, ಪಕ್ಕದ ಮನೆಯ ನೀರಿನ ಟ್ಯಾಂಕನ್ನು ನೋಡಿ, ಆಕಾಶ ನೋಡಿ ಹೇಳಿದ: ‘ಸರ, ಮೂರು ಗಂಟಿ ಆದ ಮ್ಯಾಲ ಆ ಟಾಕಿ ನೆಳ್ಳು ಇಲ್ಲಿಗಿ ಬರತೈತಿ. ಈ ಎರಡು ಪ್ಲೇಟ್ ಆ ಕಡಿ ಸರಸೂನ್ರಿ.’ ಸಾಲಿನಲ್ಲಿ ಕಟ್ಟಿದ ಪ್ಯಾನೆಲ್ಲುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ ಅದು ಇಡೀ ಸಾಲನ್ನು ಕೆಳಗೆಳೆಯಬಹುದು. ಟ್ಯಾಬ್ಲೆಟ್ಟಿನ ನಕ್ಷೆಯಲ್ಲಿ ಆ ಟ್ಯಾಂಕೇ ಇರಲಿಲ್ಲ. ಇಪ್ಪತ್ತೈದು ವರ್ಷ ನಮ್ಮ ಮನೆಗೆ ಬರಬೇಕಾದ ಕರೆಂಟನ್ನು ಉಳಿಸಿಕೊಟ್ಟದ್ದು ಆ ಒಂದು ಮಾತು.

ಪ್ಯಾರಾಪೆಟ್ಟಿನ ಅಂಚಿನಲ್ಲಿ ನಿಂತು ಅವನು ಕಬ್ಬಿಣ ಕೊರೆಯುವಾಗ ಸೊಂಟಕ್ಕೆ ಹಗ್ಗವಿರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಕಂಪನಿಗೆ ಫೋನ್ ಮಾಡಿ ಬೆಲ್ಟು ಕಳಿಸಿ ಎಂದರೆ, ಅತ್ತಲಿಂದ ಬಂದ ಉತ್ತರ: ‘ಅವರಿಗೆ ರೂಢಿ ಇದೆ ಸಾರ್.’ ಬೆಲ್ಟು ಬರುವವರೆಗೆ ಕೆಲಸ ನಿಲ್ಲಿಸಿದೆ. ಮಧ್ಯಾಹ್ನ ಮೂರಕ್ಕೆ ಒಂದು ಬೆಲ್ಟು ಬಂತು, ಮೂವರಿಗೆ. ಊಟಕ್ಕೆ ಕೂತಾಗ ಕೇಳಿದೆ, ದಿನಕ್ಕೆ ಎಷ್ಟು ಎಂದು. 700 ಎಂದರು. ಮೂವರು, ಎರಡು ದಿನ: 4,200 ರೂಪಾಯಿ. ನಮ್ಮ ಬಿಲ್ಲಿನಲ್ಲಿ ಜೋಡಣೆಯ ಕೂಲಿ ಎಂದು ಬರೆದದ್ದು 15,000. ಸಾಗಣೆ, ಕಚೇರಿಯ ಖರ್ಚು ಎಲ್ಲ ಕಳೆಯಿರಿ. ಆದರೂ ನಡುವಿನ ಮೂರು ಕೈಗಳಲ್ಲಿ ಉಳಿದದ್ದು ತಾರಸಿ ಹತ್ತಿದವರಿಗೆ ಸಿಕ್ಕಿದ್ದಕ್ಕಿಂತ ಕಡಿಮೆಯಿರಲಾರದು. ಕೇಂದ್ರ ಸರ್ಕಾರ ‘ಸೂರ್ಯಮಿತ್ರ’ ಎಂಬ ತರಬೇತಿಯನ್ನು 2015ರಲ್ಲಿ ಶುರು ಮಾಡಿತು. ಈ ಮೂವರಲ್ಲಿ ಒಬ್ಬರನ್ನೂ ಯಾರೂ ಅಲ್ಲಿಗೆ ಕಳಿಸಿರಲಿಲ್ಲ. ದೊಡ್ಡವನು ನಾಲ್ಕು ವರ್ಷ ಬೇರೆಯವರ ಕೈ ನೋಡಿ ಕಲಿತಿದ್ದ.

ನನ್ನ ಜಗಳದ ತಿರುಳು ಇದು. ‘ನಾನೇ ಮಾಡಿಕೊಳ್ಳುತ್ತೇನೆ’ ಎನ್ನುವವರಿಗೂ ‘ಕಂಪನಿಗೆ ಕೊಟ್ಟಿದ್ದೇನೆ’ ಎನ್ನುವವರಿಗೂ ಮೇಲ್ನೋಟಕ್ಕೆ ವಿರೋಧ ಕಾಣುತ್ತದೆ. ಒಳಗೆ ಇಬ್ಬರದ್ದೂ ಒಂದೇ ಕುರುಡು. ಮೊದಲನೆಯವರಿಗೆ ಆ ಹುಡುಗನ ಕೆಲಸ ಒಂದು ಭಾನುವಾರದಲ್ಲಿ ಕಲಿತು ಮುಗಿಸುವಷ್ಟು ಹಗುರ. ಎರಡನೆಯವರಿಗೆ ಅವನು ಪ್ಯಾನೆಲ್ಲಿನ ಜೊತೆ ಬರುವ ನಟ್ಟುಬೋಲ್ಟಿನಂಥ ಒಂದು ಸಾಮಾನು. ಕೈಕೆಲಸವನ್ನು ಕೆಳಗಿಟ್ಟು ನೋಡುವ ನಮ್ಮ ಹಳೆಯ ರೋಗ ಹೀಗೆ ಎರಡು ವೇಷಗಳಲ್ಲಿ ತಾರಸಿ ಹತ್ತಿದೆ. ಹೃದಯದ ಆಪರೇಷನ್ನನ್ನು ವಿಡಿಯೊ ನೋಡಿ ಮಾಡಿಕೊಳ್ಳುತ್ತೇನೆ ಎಂದು ಯಾರೂ ಹೇಳುವುದಿಲ್ಲ. ವೈರು ಎಳೆಯುವುದನ್ನು ಹೇಳುತ್ತೇವೆ. ವೈರು ಎಳೆಯುವವನ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಬೆಲೆ ಎಷ್ಟೆಂದು ಅದರಿಂದಲೇ ತಿಳಿಯುತ್ತದೆ.

ಕಾಯಕದ ಹೆಸರು ಎತ್ತುವವರಿಗೆ ಒಂದು ನೆನಪು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಹನ್ನೆರಡನೆಯ ಶತಮಾನ ಈ ಹೆಸರುಗಳನ್ನು ನಮಗೆ ಕೊಟ್ಟದ್ದು ಕಸುಬಿನ ಸಮೇತ. ಎಲ್ಲರೂ ಎಲ್ಲರ ಕೆಲಸವನ್ನೂ ಮಾಡಿಕೊಳ್ಳಿ ಎಂಬ ಅರ್ಥ ಕಾಯಕಕ್ಕೆ ಅಲ್ಲಿರಲಿಲ್ಲ. ದೋಣಿ ನಡೆಸುವವನು, ಬುಟ್ಟಿ ಹೆಣೆಯುವವನು, ಹಗ್ಗ ಹೊಸೆಯುವವನು ತನ್ನ ಕೆಲಸದ ಹೆಸರನ್ನೇ ಮುಂದಿಟ್ಟುಕೊಂಡು ಅನುಭವ ಮಂಟಪದಲ್ಲಿ ಸರಿಸಮನಾಗಿ ಕೂತ ಎಂಬುದು ಅದರ ಸಾರ. ಕಾಯಕವನ್ನು ‘ನೀವೇ ಮಾಡಿಕೊಳ್ಳಿ’ ಎಂಬ ಅಂಗಡಿ ಘೋಷಣೆಗೆ ಇಳಿಸಿದರೆ ಆ ಮಂಟಪದಿಂದ ಅಂಬಿಗನನ್ನು ಎಬ್ಬಿಸಿ ಅವನ ಜಾಗದಲ್ಲಿ ನಾವು ಕೂತ ಹಾಗಾಗುತ್ತದೆ.

ಹಾಗಿದ್ದರೆ ನಮ್ಮ ಪಾಲಿಗೆ ಏನೂ ಇಲ್ಲವೇ? ಇದೆ, ನೂಲುವ ಕೆಲಸ. ಹಾಸ್ಟೆಲ್ಲಿನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಒಂದು 50 ವ್ಯಾಟಿನ ಚಿಕ್ಕ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ಎರಡು ಎಲ್‌ಇಡಿ ದೀಪ ತನ್ನಿ, ನೀವೇ ಕಟ್ಟಿ. ಅಷ್ಟು ವೋಲ್ಟು ಜೀವ ತೆಗೆಯುವುದಿಲ್ಲ. ಬ್ಯಾಟರಿಯ ಎರಡು ತುದಿ ಒಂದಕ್ಕೊಂದು ತಾಗಿದರೆ ವೈರು ಸುಡುತ್ತದೆ, ಅದಕ್ಕೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಇಷ್ಟು ಕಟ್ಟಿದವರಿಗೆ ದೊಡ್ಡದನ್ನು ಕಟ್ಟುವವನ ಕೈಯಲ್ಲೇನಿದೆ ಎಂದು ತಿಳಿಯುತ್ತದೆ, ಅವನಿಗೆ ಮೋಸ ಮಾಡಲೂ ಮನಸ್ಸು ಬರುವುದಿಲ್ಲ, ಅವನ ಹೆಸರಿನಲ್ಲಿ ಕಂಪನಿ ಮಾಡುವ ಮೋಸವೂ ಕಣ್ಣಿಗೆ ಬೀಳುತ್ತದೆ. ಮನೆಯವರ ಪಾಲಿನ ನೂಲು ಬೇರೆ: ಬೆಳಗ್ಗೆ ಬಿಸಿಲೇರುವ ಮುಂಚೆ ಪ್ಯಾನೆಲ್ಲಿನ ಧೂಳು ತೊಳೆಯುವುದು, ತಿಂಗಳಿಗೊಮ್ಮೆ ಮೀಟರು ನೋಡಿ ಬರೆದಿಡುವುದು. ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಬರಬೇಕಾದ ಕಡೆ ಎರಡೇ ಬರುತ್ತಿದ್ದರೆ ಯಾಕೆಂದು ಕೇಳುವುದು.

ಕೇಳುವುದೂ ಒಂದು ಕೆಲಸವೇ. ಸಹಿ ಹಾಕುವ ಮುಂಚೆ ಕೇಳಿ: ತಾರಸಿ ಹತ್ತುವವರು ಯಾರು, ಅವರಿಗೆ ಬೆಲ್ಟು ಹಗ್ಗ ಇದೆಯೇ? ಕನೆಕ್ಟರಿನ ಎರಡೂ ಅರ್ಧಗಳು ಒಂದೇ ಕಂಪನಿಯವೇ? ಅರ್ಥಿಂಗ್ ಗುಂಡಿ ಎಲ್ಲಿ ತೋಡುತ್ತೀರಿ? ಕೆಲಸ ಮುಗಿದ ದಿನ ಸಾಲಿನ ವೋಲ್ಟೇಜನ್ನು ನನ್ನ ಎದುರು ಅಳೆದು ಬರೆದುಕೊಡುತ್ತೀರಾ? ಇವಕ್ಕೆ ಉತ್ತರಿಸಲಾಗದ ಕಂಪನಿಗೆ ಮುಂಗಡ ಕೊಡಬೇಡಿ. ಬೆಲ್ಟಿಗೆ, ನುರಿತ ಕೈಗೆ ಎಂದು ಐದು ಸಾವಿರ ಹೆಚ್ಚು ಕೇಳುವವನನ್ನು ದುಬಾರಿ ಎಂದು ಬಿಡಬೇಡಿ.

ನಮ್ಮ ಮನೆಯ ಸೋಲಾರಿನ ಕಡತ ಈಗ ಕಪಾಟಿನಲ್ಲಿದೆ. ಆರು ಪ್ಯಾನೆಲ್ಲುಗಳ ಆರು ಸೀರಿಯಲ್ ನಂಬರುಗಳಿವೆ, ಇನ್ವರ್ಟರಿನ ನಂಬರಿದೆ, ಮೀಟರಿನ ನಂಬರಿದೆ, ಮಾಲೀಕ ಎಂದು ನನ್ನ ಹೆಸರು, ಕಂಪನಿಯ ಮೊಹರು, ಅಧಿಕಾರಿಯ ಸಹಿ ಇವೆ. ಅದನ್ನು ಕಟ್ಟಿದ ಮೂವರ ಹೆಸರು ಯಾವ ಪುಟದಲ್ಲೂ ಇಲ್ಲ. ಆ ಕಡತಕ್ಕೆ ಒಂದು ಸಾಲು ಸೇರಬೇಕು: ಕಟ್ಟಿದವರ ಹೆಸರು, ಅವರ ತರಬೇತಿ, ಅವರ ಸಹಿ. ನಾಳೆ ಸಂಪರ್ಕ ಸಡಿಲಾದರೆ ಹೊಣೆ ಯಾರದೆಂದು ತಿಳಿಯುತ್ತದೆ. ಇಪ್ಪತ್ತೈದು ವರ್ಷ ದೀಪ ಉರಿದರೆ ಅದು ಯಾರ ಕೆಲಸವೆಂದೂ ತಿಳಿಯುತ್ತದೆ. ಗೋಷ್ಠಿಯಲ್ಲಿ ಯಾರಾದರೂ ಈ ಒಂದು ಸಾಲನ್ನು ಕೇಳಿದರೆ ಆ ದಿನ ನಾನೂ ಚಪ್ಪಾಳೆ ತಟ್ಟುತ್ತೇನೆ.